ಬರ್ತೀನಿ ಅಂದವರ ಪಟ್ಟಿ

ನಾನು ಕೆಲಸ ಮಾಡುವ ಕಟ್ಟಡದಲ್ಲಿ ಮೊದಲು ಮದುವೆಗಳು ನಡೆಯುತ್ತಿದ್ದವು. ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಹಳೆಯ ಕಲ್ಯಾಣ ಮಂಟಪ ಅದು. ಊಟದ ಹಾಲಿನಲ್ಲಿ ಈಗ ನೂರಿಪ್ಪತ್ತು ಕಂಪ್ಯೂಟರುಗಳಿವೆ. ಕೈ ತೊಳೆಯುವ ನಲ್ಲಿಗಳ ಸಾಲು ಮಾತ್ರ ಹಾಗೇ ಉಳಿದಿದೆ. ಗಂಡುಹೆಣ್ಣು ಕೂರುತ್ತಿದ್ದ ವೇದಿಕೆಯ ಮೇಲೆ ನಮ್ಮ ಮೇಲ್ವಿಚಾರಕಿ ಜಯಶೀಲಾ ಮೇಡಂ ಕೂರುತ್ತಾರೆ. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಯಾರದೋ ಮದುವೆಗೆ ಅಂಟಿಸಿದ್ದ ಥರ್ಮೋಕೋಲ್ ಹೆಸರಿನ ಗುರುತು ಇನ್ನೂ ಕಾಣುತ್ತದೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು, ಇಲ್ಲಿ ಊಟ ಹಾಕುವುದಿಲ್ಲ, ಡಬ್ಬಿ ತನ್ನಿ ಎಂದು.

ಇಲ್ಲಿ ನಾವು ಮಾಡುವುದು ಮಾತು ಕೇಳುವ ಕೆಲಸ. ಹೆಡ್‌ಫೋನ್ ಹಾಕಿಕೊಂಡರೆ ಎರಡು ಸೆಕೆಂಡಿನ ಒಂದು ತುಣುಕು ಬರುತ್ತದೆ, ಯಾರೋ ಎಲ್ಲೋ ಆಡಿದ ಮಾತಿನ ಬಾಲ. ಪರದೆಯ ಮೇಲೆ ಒಂದು ಪ್ರಶ್ನೆ ಇರುತ್ತದೆ: ಈ ವ್ಯಕ್ತಿ ಒಪ್ಪಿದ್ದಾರೆಯೇ? ಕೆಳಗೆ ಎರಡೇ ಗುಂಡಿ, ‘ಒಪ್ಪಿಗೆ’ ಮತ್ತು ‘ಒಪ್ಪಿಗೆ ಇಲ್ಲ’. ಒಂದೇ ತುಣುಕನ್ನು ಮೂವರು ಕೇಳುತ್ತಾರೆ. ಇಬ್ಬರು ಒತ್ತಿದ್ದು ನಿಜವೆಂದು ಲೆಕ್ಕ, ಮೂರನೆಯವರ ಹೆಸರಿಗೆ ಒಂದು ತಪ್ಪು. ತಪ್ಪು ಹೆಚ್ಚಾದರೆ ಮನೆಗೆ. ದಿನಕ್ಕೆ ಒಂಬೈನೂರು ತುಣುಕು ಮುಗಿಸಬೇಕಾದ್ದರಿಂದ ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ. ನಾನು ಸೇರಿ ನಾಲ್ಕು ವರ್ಷವಾಯಿತು. ಹಾಲಿಗೆಲ್ಲ ಹಿರಿಯಳು ನಾನೇ ಆದ್ದರಿಂದ ಹೊಸಬರಿಗೆ ಕಲಿಸುವ ಹೊಣೆಯೂ ನನ್ನದೇ. ನನ್ನ ಹೆಸರು ಇಂದು, ಇಲ್ಲಿ ಎಲ್ಲರಿಗೂ ಇಂದು ಅಕ್ಕ.

ನಾವು ಒತ್ತಿದ್ದೆಲ್ಲ ಹೋಗಿ ಸೇರುವುದು ‘ಹೊಸ್ತಿಲು’ ಎಂಬ ಯಂತ್ರಕ್ಕೆ. ಐಟಿ ಕಂಪನಿಗಳೆಲ್ಲ ಸೇರಿ ಒಬ್ಬಳೇ ಸಂದರ್ಶಕಿಯನ್ನು ಇಟ್ಟುಕೊಂಡರೆ ಹೇಗೆ ಎಂದು ಯಾರಿಗೋ ಹೊಳೆಯಿತಂತೆ. ಅವಳಿಗೆ ಊಟವಿಲ್ಲ, ನಿದ್ದೆಯಿಲ್ಲ, ಭಾಷೆಯ ಭೇದವಿಲ್ಲ. ಕೆಲಸ ಬೇಕಾದವರು ಮನೆಯಲ್ಲೇ ಕೂತು ತಮ್ಮ ಮಾತಿನಲ್ಲೇ ಉತ್ತರ ಹೇಳಬಹುದು. ಇಂಗ್ಲಿಷಿಗೆ ಹೆದರಿ ಹೆದರಿ ಅರ್ಧ ಆಯುಷ್ಯ ಕಳೆದವರಿಗೆ ಇದಕ್ಕಿಂತ ಇನ್ನೇನು ಬೇಕು? ಹೊಸ್ತಿಲು ಬಂದ ಸುದ್ದಿ ಕೇಳಿದ ದಿನ ನಮ್ಮ ಅತ್ತೆ ಶಾವಿಗೆ ಪಾಯಸ ಮಾಡಿದ್ದರು. ಯಾವ ಯಂತ್ರಕ್ಕೂ ಹಾಗೆ ಪಾಯಸ ಮಾಡಬಾರದು ಎಂದು ಈಗ ಅನ್ನಿಸುತ್ತದೆ.

ಪಾಯಸಕ್ಕೆ ಕಾರಣ ನಮ್ಮ ಮನೆಯವರು, ರೇಣುಕಾರಾಧ್ಯ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡಿಕೊಂಡು ಇಪ್ಪತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವರು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ಇವರ ಕಸುಬು. ಮನೆಯಲ್ಲೂ ಅದೇ ಬುದ್ಧಿ, ಸಾರಿಗೆ ಒಗ್ಗರಣೆ ಬಿದ್ದದ್ದು ಎರಡು ನಿಮಿಷ ತಡವೆಂದು ಮೂಗಿನಿಂದಲೇ ಹೇಳುತ್ತಾರೆ. ನಲವತ್ತಾರನೆಯ ವಯಸ್ಸಿಗೆ ಅವರ ಕಂಪನಿ ಇಡೀ ತಂಡವನ್ನೇ ಒಂದು ಶುಕ್ರವಾರ ಮನೆಗೆ ಕಳುಹಿಸಿತು. ಮುಂದಿನ ಸೋಮವಾರವೂ ಅಭ್ಯಾಸಬಲದಿಂದ ರೈಲ್ವೆ ಸ್ಟೇಷನ್ನಿಗೆ ಹೋಗಿ, ಜೊತೆಯವರನ್ನು ಹತ್ತಿಸಿ, ಕೈಬೀಸಿ ವಾಪಸ್ಸು ಬಂದರು.

ಮೊದಲ ಮೂರು ತಿಂಗಳು ಹುಮ್ಮಸ್ಸಿತ್ತು. ಹಳೆಯ ಜೊತೆಗಾರರಿಗೆಲ್ಲ ಫೋನು ಮಾಡಿದರು. ರೆಸ್ಯೂಮೆ ಕಳಿಸು, ನೋಡೋಣ ಎಂದರು ಎಲ್ಲರೂ. ನಮ್ಮ ಕಡೆ ನೋಡೋಣ ಎಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತು, ಆದರೂ ರೆಸ್ಯೂಮೆ ಕಳಿಸಿದರು. ಒಂದು ಕಡೆ ಮೂರು ಸುತ್ತು ಆಗಿ, ಸೇರುವ ತಾರೀಖೂ ಗೊತ್ತಾಗಿ, ಅತ್ತೆ ಸಿದ್ಧಗಂಗೆಗೆ ಹೋಗಿ ಕೈಮುಗಿದು ಬಂದ ಮೇಲೆ ಆ ಪ್ರಾಜೆಕ್ಟೇ ನಿಂತುಹೋಯಿತು. ಇನ್ನೊಂದು ಕಡೆ ಎದುರಿಗೆ ಕೂತಿದ್ದ ಹುಡುಗಿ ನಿಮಗೆ ಅನುಭವ ಹೆಚ್ಚಾಯಿತು ಅಂಕಲ್ ಎಂದಳಂತೆ. ಆಮೇಲೆ ಕಂಪನಿಗಳೆಲ್ಲ ಒಂದೊಂದಾಗಿ ಹೊಸ್ತಿಲಿಗೆ ಸೇರಿಕೊಂಡವು, ಬೇರೆ ಬಾಗಿಲೇ ಇಲ್ಲದಂತಾಯಿತು.

ಹೊಸ್ತಿಲಿನ ಮುಂದೆ ಇವರು ಕೂರುವ ಚೆಂದ ನೋಡಬೇಕಿತ್ತು. ಸೊಂಟದ ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಪಂಚೆ. ಹಣೆಗೆ ಅತ್ತೆ ಇಟ್ಟ ವಿಭೂತಿ. ಬಾಯಲ್ಲಿ ಮೊಸರು ಸಕ್ಕರೆಯ ರುಚಿ. ಇಂಗ್ಲಿಷಿನಲ್ಲಿ ಎರಡು ಮಾತಿಗೊಮ್ಮೆ ಬೇಸಿಕಲಿ ಎಂದು ಬೆವರುತ್ತಿದ್ದ ಮನುಷ್ಯ ಕನ್ನಡದಲ್ಲಿ ಸರಾಗವಾಗಿ ಹೇಳುತ್ತಾ ಹೋಗುತ್ತಿದ್ದರು, ಪಕ್ಕದ ಕೋಣೆಯಲ್ಲಿ ಕೂತ ನನಗೂ ಅರ್ಥವಾಗುವ ಹಾಗೆ. ಯಂತ್ರದ ದನಿ ಹೆಣ್ಣಿನದು, ವಾರ್ತೆ ಓದುವವರ ಹಾಗೆ ನಯವಾದದ್ದು. ಕೊನೆಗೆ ಸಂದರ್ಶನ ಮುಕ್ತಾಯವಾಯಿತು, ಧನ್ಯವಾದಗಳು ಎನ್ನುತ್ತಿತ್ತು. ಇವರು ಎದ್ದು ನಿಂತು ಕೈಮುಗಿದು ಎರಡು ಮಾತು ಹೇಳಿ ಮುಗಿಸುತ್ತಿದ್ದರು. ಹತ್ತು ದಿನಕ್ಕೆ ಉತ್ತರ ಬರುತ್ತಿತ್ತು: ನಿಮ್ಮ ಜಾಣ್ಮೆಗೆ ತೊಂಬತ್ತೊಂದು ಅಂಕ. ಸದ್ಯಕ್ಕೆ ಮುಂದುವರಿಯುತ್ತಿಲ್ಲ.

ಹೀಗೆ ಹತ್ತೊಂಬತ್ತು ಕಂಪನಿ. ಎಂಬತ್ತೊಂಬತ್ತು, ತೊಂಬತ್ತಮೂರು, ತೊಂಬತ್ತೊಂದು. ಮುಂದುವರಿಯುತ್ತಿಲ್ಲ, ಮುಂದುವರಿಯುತ್ತಿಲ್ಲ, ಮುಂದುವರಿಯುತ್ತಿಲ್ಲ. ಎದುರು ಮನೆಯ ಹುಡುಗನಿಗೆ ಅರವತ್ತೇಳು ಬಂದಿತ್ತು, ಅವನು ಸಂದರ್ಶನ ಮುಗಿಯುವ ಮೊದಲೇ ಲೈನು ಕತ್ತರಿಸಿ ಎದ್ದು ಹೋಗುವವನು, ಅವನಿಗೆ ಕೆಲಸ ಸಿಕ್ಕಿತು. ತಪ್ಪು ಎಲ್ಲಿದೆ ಎಂದು ಇವರು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಶ್ನೆ, ಪ್ರತಿ ಉತ್ತರ ಬರೆದುಕೊಂಡು ಹುಡುಕುತ್ತಿದ್ದರು. ಜನ್ಮವೆಲ್ಲ ತಪ್ಪು ಹುಡುಕಿದ ಮನುಷ್ಯನಿಗೆ ತನ್ನ ತಪ್ಪೇ ಸಿಗುತ್ತಿರಲಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ಹದಿನೆಂಟು ತಿಂಗಳು ಕೆಲಸವಿಲ್ಲದೆ ಕಳೆದವರ ಹೆಸರು ಹೊಸ್ತಿಲಿನ ಪಟ್ಟಿಯಿಂದ ತಾನಾಗಿ ಬಿದ್ದುಹೋಗುತ್ತದೆ. ವಿದ್ಯೆ ಹಳಸಿತು ಎಂದು ಲೆಕ್ಕ. ಒಮ್ಮೆ ಬಿದ್ದ ಹೆಸರು ಮತ್ತೆ ಏರುವುದಿಲ್ಲ. ಇವರಿಗೆ ಹದಿನಾರೂವರೆ ತಿಂಗಳಾಗಿತ್ತು.

ಆ ಮಂಗಳವಾರ ಊಟದ ನಂತರದ ಮೊದಲ ತುಣುಕು ನನ್ನ ಕಿವಿಗೆ ಬಂತು. ಬೀದಿಯಲ್ಲಿ ಸೊಪ್ಪಿನವಳು ಕೂಗಿದ ಸದ್ದು, ಅದರ ಮೇಲೆ ಒಂದು ಗಂಡು ದನಿ: “ಸರಿಯಮ್ಮ, ಬರ್ತೀನಿ.”

ಕೈ ಗುಂಡಿಯ ಮೇಲೆ ಹೋಗಿತ್ತು, ನಿಂತಿತು. ಆ ಸೊಪ್ಪಿನವಳು ನಮ್ಮ ಬೀದಿಯವಳು. ಆ ದನಿ ಇಪ್ಪತ್ತು ವರ್ಷ ದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲಿ ಅದೇ ಮಾತು ಹೇಳಿ ರೈಲಿಗೆ ಓಡುತ್ತಿದ್ದ ದನಿ.

ಪರದೆಯ ಮೇಲೆ ಪ್ರಶ್ನೆ ಇತ್ತು: ಈ ವ್ಯಕ್ತಿ ಕೆಲಸಕ್ಕೆ ಬರಲು ಒಪ್ಪಿದ್ದಾರೆಯೇ?

ಹೋಗುವಾಗ ಹೋಗುತ್ತೇನೆ ಎನ್ನುವುದು ನಮ್ಮಲ್ಲಿಲ್ಲ. ಅಂಗಡಿಯಿಂದ ಎದ್ದರೂ, ಆಸ್ಪತ್ರೆಯಿಂದ ಎದ್ದರೂ, ಇನ್ನೆಂದೂ ಕಾಲಿಡಬಾರದು ಎಂದುಕೊಂಡ ನೆಂಟರ ಮನೆಯಿಂದ ಎದ್ದರೂ ಬರ್ತೀನಿ ಎಂದೇ ಹೇಳಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಇಂಥದೇ ಒಂದು ತುಣುಕಿಗೆ ನಾನು ‘ಒಪ್ಪಿಗೆ ಇಲ್ಲ’ ಒತ್ತಿದ್ದೆ. ತಪ್ಪು ಬಿತ್ತು. ಇನ್ನೊಮ್ಮೆ ಒತ್ತಿದೆ, ಇನ್ನೊಂದು ತಪ್ಪು. ಪದ ಏನು ಹೇಳುತ್ತದೋ ಅಷ್ಟನ್ನೇ ಕೇಳಿ, ಊಹೆ ಬೇಡ ಎಂದು ಮೇಲಿನಿಂದ ಚೀಟಿ ಬಂತು. ಬರ್ತೀನಿ ಎಂಬ ಪದ ಬರುತ್ತೇನೆ ಎಂದೇ ತಾನೇ ಹೇಳುವುದು? ಅಲ್ಲಿಂದ ಮುಂದೆ ನಾನು ‘ಒಪ್ಪಿಗೆ’ ಒತ್ತಿದೆ. ಆಮೇಲೆ ಬಂದ ನೂರು ಜನಕ್ಕೆ ಅದನ್ನೇ ಕಲಿಸಿದೆ. ಬರ್ತೀನಿ ಅಂದ್ರೆ ಒಪ್ಪಿಗೆ, ಯೋಚನೆ ಮಾಡ್ಬೇಡಿ. ಬಾಯಿಪಾಠ ಮಾಡಿಸಿದೆ.

ಹೆಡ್‌ಫೋನ್ ತೆಗೆದಿಟ್ಟು ವೇದಿಕೆ ಹತ್ತಿದೆ. ಜಯಶೀಲಾ ಮೇಡಂ ಒಳ್ಳೆಯವರು, ಚಿಕ್ಕಮಗಳೂರಿನ ಕಡೆಯ ಮೇಷ್ಟರ ಮಗಳು. ನಾವು ಒತ್ತಿದ ಒಪ್ಪಿಗೆ ಕೊನೆಗೆ ಏನಾಗುತ್ತದೆ ಎಂದು ಕೇಳಿದೆ. ಅವರು ಅಕ್ಕಪಕ್ಕ ನೋಡಿ ಮೆಲ್ಲನೆ ಹೇಳಿದರು. ಒಂದು ಕಂಪನಿಯ ಆಫರ್ ಲೆಟರ್ ಜೇಬಿನಲ್ಲಿಟ್ಟುಕೊಂಡು ಇನ್ನೊಂದಕ್ಕೆ ಸೇರುವವರ ಕಾಟ ಮಿತಿಮೀರಿದ್ದರಿಂದ ಯಂತ್ರ ಎರಡು ಅಂಕ ಕೊಡುತ್ತದೆ. ಒಂದು ಜಾಣ್ಮೆಗೆ, ಅದನ್ನು ಎಲ್ಲರಿಗೂ ತೋರಿಸುತ್ತಾರೆ. ಇನ್ನೊಂದು ಮಾತಿಗೆ, ಅದನ್ನು ಕಂಪನಿಗಳು ಮಾತ್ರ ನೋಡುತ್ತವೆ. ಬರುತ್ತೇನೆಂದು ಒಪ್ಪಿದವರು ಏಳು ದಿನದೊಳಗೆ ಕಂಪನಿಯ ಗೇಟಿನ ಕ್ಯಾಮೆರಾಗೆ ಬೀಳದಿದ್ದರೆ ಮಾತು ತಪ್ಪಿದವರ ಪಟ್ಟಿಗೆ ಸೇರುತ್ತಾರೆ. ಕಂಪನಿಯವರು ಕರೆದಿದ್ದರೋ ಇಲ್ಲವೋ, ಅದನ್ನು ನೋಡುವ ಭಾಗ ಬೇರೆಯಂತೆ.

ನೋಡಬಾರದ್ದನ್ನು ಅವರು ನನಗಾಗಿ ತೆರೆದು ತೋರಿಸಿದರು. ರೇಣುಕಾರಾಧ್ಯ ಟಿ.ಎಸ್., ಜಾಣ್ಮೆ ತೊಂಬತ್ತೊಂದು. ಮಾತು ಹದಿನಾಲ್ಕು. ಪಕ್ಕದಲ್ಲಿ ಹತ್ತೊಂಬತ್ತು ಕಂಪನಿಯ ಹೆಸರು, ಹತ್ತೊಂಬತ್ತು ಕೆಂಪು ಚುಕ್ಕೆ.

ಮೇಡಂಗೂ ಸಂಕಟವಾಯಿತು. ತಾವೂ ದಿನಾ ಹಾಗೆಯೇ ಹೇಳುವುದು ಎಂದರು. ಅಂದೇ ಮೇಲಿನವರಿಗೆ ಉದ್ದನೆಯ ದೂರು ಬರೆದರು. ಉತ್ತರ ಎರಡೇ ದಿನಕ್ಕೆ ಬಂತು. ದೋಷವಿಲ್ಲ, ಈ ಪದ ಒಪ್ಪಿಗೆಯೇ ಎಂದು ನುರಿತ ಕನ್ನಡ ಕೇಳುಗರು ನೂರಕ್ಕೆ ತೊಂಬತ್ತೇಳು ಸಲ ಹೇಳಿದ್ದಾರೆ, ಕೇಳಿದ ಕೇಂದ್ರ ತುಮಕೂರು, ಎಂದರೆ ನಮ್ಮದೇ ಹಾಲು. ಕಲಿಸಿದ್ದನ್ನು ಹಿಂದಕ್ಕೆ ತೆಗೆಯಲು ಆಗುವುದಿಲ್ಲವೇ ಎಂದು ಕೇಳಿದೆ. ಹುಳಿಗೆ ಬಿದ್ದ ಉಪ್ಪನ್ನು ಯಾರು ಹೆಕ್ಕುತ್ತಾರೆ, ಇಂದು, ಎಂದರು ಮೇಡಂ. ನಾನು ಕೆಳಗಿಳಿದು ಬಂದು ಉಳಿದ ನಾನೂರು ತುಣುಕು ಮುಗಿಸಿದೆ.

ಮನೆಯಲ್ಲಿ ಹೇಳುವುದು ಕಷ್ಟವಾಯಿತು. ಸಂಜೆ ಕಾಫಿ ಕೊಟ್ಟು, ಎಲ್ಲವನ್ನೂ ಹೇಳಿ, ನಿಮ್ಮ ಮಾತಿಗೆ ಹದಿನಾಲ್ಕು ಕೊಡಿಸಿದವಳು ನಾನೇ ಎಂದೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಇವರು ನೋಟ್‌ಬುಕ್ ತೆಗೆದು ಕೊನೆಯ ಪುಟದಲ್ಲಿ ಬರ್ತೀನಿ ಎಂದು ಬರೆದು ಅದರ ಸುತ್ತ ಒಂದು ಸುತ್ತು ಹಾಕಿದರು. ತಪ್ಪು ಸಿಕ್ಕಿದಾಗ ಆಫೀಸಿನಲ್ಲಿ ಹಾಗೆ ಮಾಡುತ್ತಿದ್ದರಂತೆ. ಆ ಹೊತ್ತು ಅವರ ಮುಖದಲ್ಲಿ ನೆಮ್ಮದಿಯನ್ನೇ ಕಂಡೆ, ಹದಿನಾರು ತಿಂಗಳಿನಲ್ಲಿ ಮೊದಲ ಸಲ.

ಬಾಯಿ ತಿದ್ದುವ ಅಭ್ಯಾಸ ಶುರುವಾಯಿತು. ನಾನು ಯಂತ್ರವಾಗಿ ಕೂತು ಧನ್ಯವಾದಗಳು ಎನ್ನುವುದು, ಇವರು ಮುಗೀತು ಎಂದು ಏಳುವುದು. ಹತ್ತಕ್ಕೆ ಎಂಟು ಸಲ ಬರ್ತೀನಿ ಎಂದೇ ಬರುತ್ತಿತ್ತು. ಒಮ್ಮೆ ಎರಡೂ ಬೆರೆತು ಹೋಗ್ತೀನಿ ಎಂದುಬಿಟ್ಟರು. ಅತ್ತೆ ಅಡುಗೆಮನೆಯಿಂದ ಬಂದು, ಕೈಯಲ್ಲಿದ್ದ ಸೌಟಿನ ಸಮೇತ ಎದುರಿಗೆ ನಿಂತು, “ಬಿಡ್ತು ಅನ್ನು. ಹೋಗ್ತೀನಿ ಅನ್ನೋ ಮಾತು ಒಂದೇ ಸಲಕ್ಕಿರೋದು, ಅದನ್ನೂ ನಾವು ಹೇಳಲ್ಲ, ಜನ ಹೇಳ್ತಾರೆ” ಎಂದರು. ಇವರು ಬಿಡ್ತು ಎಂದರು.

ಮುಂದಿನ ಮಾತು ತಿದ್ದಬಹುದು, ಹಿಂದಿನ ಹತ್ತೊಂಬತ್ತಕ್ಕೆ ಏನು ಮಾಡುವುದು? ಜಯಶೀಲಾ ಮೇಡಂ ಹೊಸ್ತಿಲಿನ ನಿಯಮಗಳನ್ನೆಲ್ಲ ಓದಿ ಒಂದು ಸಂದು ಕಂಡುಹಿಡಿದರು. ತಡವಾಗಿಯಾದರೂ ಮಾತು ಉಳಿಸಿಕೊಂಡವರಿಗೆ ಕಳೆದುಕೊಂಡ ಅಂಕದಲ್ಲಿ ಅರ್ಧ ವಾಪಸ್ಸು ಬರುತ್ತದೆ. ಹದಿನೆಂಟು ತಿಂಗಳು ತುಂಬುವ ದಿನ ಸಂಜೆ ಐದಕ್ಕೆ ಮಾತಿನ ಅಂಕ ಐವತ್ತು ಮುಟ್ಟಿದ್ದು, ಕೊಟ್ಟ ಮಾತು ಯಾವುದೂ ಬಾಕಿ ಇಲ್ಲದಿದ್ದರೆ, ನೋಂದಣಿ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ. ಮೇಡಂ ಇದನ್ನು ಹಾಳೆಯ ಮೇಲೆ ಬರೆದುಕೊಟ್ಟರು. ಇವರು ಅದನ್ನು ಓದಿ ಮಡಿಸಿ ಜೇಬಿಗೆ ಹಾಕಿಕೊಂಡು, “ಬರ್ತೀನಿ ಅಂದಿದ್ದೀನಿ ತಾನೆ, ಹೋಗಿ ಬರೋಣ ಬಿಡು” ಎಂದರು.

ಹೀಗೆ ನಮ್ಮ ಮನೆಯವರು ಮತ್ತೆ ರೈಲು ಹತ್ತಿದರು. ವೈಟ್‌ಫೀಲ್ಡಿಗೆ ಒಂದು ದಿನ, ಎಲೆಕ್ಟ್ರಾನಿಕ್ ಸಿಟಿಗೆ ಒಂದು ದಿನ. ಮೊದಲ ಗೇಟಿನಲ್ಲಿ ಕಾವಲಿನವನು ಯಾರನ್ನು ನೋಡಬೇಕು ಎಂದು ಕೇಳಿದನಂತೆ. “ಯಾರನ್ನೂ ಇಲ್ಲಪ್ಪ. ಬರ್ತೀನಿ ಅಂದಿದ್ದೆ, ಬಂದೆ.” ಅವನು ಮೇಲಿಂದ ಕೆಳಗೆ ನೋಡಿ, ಇಂಥವರು ಈ ಊರಿನಲ್ಲಿ ಹೆಚ್ಚಾಗಿದ್ದಾರೆ ಎನ್ನುವ ಹಾಗೆ ನಕ್ಕು, ಕ್ಯಾಮೆರಾ ಮುಂದೆ ನಿಲ್ಲಿಸಿದ. ಯಂತ್ರ ಟಿಣ್ ಎಂದಿತು. ಒಂದು ಕೆಂಪು ಚುಕ್ಕೆ ಹಸಿರಾಯಿತು. ಸಂಜೆ ಮೇಡಂ ನನ್ನ ಮೇಜಿನ ಹತ್ತಿರ ಬಂದು, ಡಬ್ಬಿ ಚೆನ್ನಾಗಿತ್ತಾ ಎಂದು ಕೇಳುವವರ ಹಾಗೆ ಬಗ್ಗಿ, ಹದಿನಾರು ಎಂದರು.

ಆ ವಾರ ನಮ್ಮ ಮನೆಯಲ್ಲಿ ಹಬ್ಬದಂತಿತ್ತು. ಹದಿನಾರು ಇಪ್ಪತ್ತಾಯಿತು, ಇಪ್ಪತ್ತಾರಾಯಿತು, ಮೂವತ್ತೆರಡಾಯಿತು. ಇವರ ನಡಿಗೆಯೇ ಬದಲಾಯಿತು. ಸಂಜೆ ಬಂದು ಒಂದೊಂದು ಗೇಟಿನ ಕಾವಲಿನವರ ಕಥೆ ಹೇಳುತ್ತಿದ್ದರು. ಒಬ್ಬ ನೆರಳಿಗೆ ಕರೆದು ಕೂರಿಸಿದ್ದ, ಒಬ್ಬ ಗದರಿದ್ದ. ಬಸಲಿಂಗಪ್ಪ ಎಂಬ ರಾಯಚೂರಿನ ಕಡೆಯವನು ಮಾತ್ರ ಎಲ್ಲ ಕೇಳಿ, ತನ್ನ ಮಗಳೂ ಬಿ.ಇ. ಮುಗಿಸಿ ಒಂದು ವರ್ಷದಿಂದ ಹೊಸ್ತಿಲಿನಲ್ಲೇ ನಿಂತಿದ್ದಾಳೆಂದು ಹೇಳಿ, ತನ್ನ ಡಬ್ಬಿಯ ಎರಡು ರೊಟ್ಟಿಯಲ್ಲಿ ಒಂದನ್ನು ಇವರಿಗೆ ಕೊಟ್ಟಿದ್ದ.

ಎಂಟನೆಯ ದಿನ ಅಂಕ ಮೂವತ್ತೆರಡರಿಂದ ಹತ್ತೊಂಬತ್ತಕ್ಕೆ ಇಳಿಯಿತು. ಮರುದಿನ ಹದಿನಾರಕ್ಕೆ. ಹಸಿರಾಗಿದ್ದ ಚುಕ್ಕೆಗಳು ಬಂದ ದಾರಿಯಲ್ಲೇ ಒಂದೊಂದಾಗಿ ಮತ್ತೆ ಕೆಂಪಾಗುತ್ತಿದ್ದವು.

ಕಾರಣ ನನಗೆ ತುಣುಕು ಕೇಳಿಯೇ ಗೊತ್ತಾಗಬೇಕೆಂದಿರಲಿಲ್ಲ. ಮನೆಗೆ ಬಂದು, ಗೇಟಿನಿಂದ ಹೊರಡುವಾಗ ಏನು ಹೇಳುತ್ತೀರಿ ಎಂದು ಕೇಳಿದೆ. ಯಂತ್ರದ ಮುಂದೆ ಇವರು ನಾಲಿಗೆ ಕಟ್ಟಲು ಕಲಿತಿದ್ದರು, ಸರಿ. ಆದರೆ ಗೇಟಿನಲ್ಲಿ ಮನುಷ್ಯ ನಿಂತಿರುತ್ತಾನೆ. ಅವನು ಹೋಗಿಬನ್ನಿ ಸಾರ್ ಎನ್ನುತ್ತಾನೆ. ಇವರು ಬರ್ತೀನಪ್ಪ ಎನ್ನುತ್ತಾರೆ. ಗೇಟಿನ ಕ್ಯಾಮೆರಾಗೆ ಕಿವಿಯೂ ಇದೆ. ಪ್ರತಿ ಗೇಟಿನಲ್ಲಿ ಒಂದು ಹಳೆಯ ಮಾತು ಉಳಿಸಿಕೊಂಡು, ಒಂದು ಹೊಸ ಮಾತು ಕೊಟ್ಟು ಬಂದಿದ್ದರು.

ಹನ್ನೊಂದು ಗೇಟಿಗೆ ಎರಡನೆಯ ಸಲ ಹೋಗಬೇಕಾಯಿತು, ಉಳಿದ ಎಂಟಕ್ಕೆ ಮೊದಲನೆಯ ಸಲ. ಈಗ ಇವರು ಊಟ ಕೊಟ್ಟರೂ ಮಾತಾಡದವರ ಹಾಗೆ ಹೋಗಿ, ಕ್ಯಾಮೆರಾ ಮುಂದೆ ನಿಂತು, ಟಿಣ್ ಎಂದ ಕೂಡಲೇ ತಿರುಗಿ ಬರುತ್ತಿದ್ದರು. ನೆರಳಿಗೆ ಕರೆದವನಿಗೂ ಉತ್ತರವಿಲ್ಲ. ಅಭ್ಯಾಸ ಕೆಡಬಾರದೆಂದು ಮನೆಯಲ್ಲೂ ಹೇಳುವುದನ್ನು ಬಿಟ್ಟರು. ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ತುಟಿ ಬಿಗಿಹಿಡಿದು ಬಾಗಿಲು ದಾಟುತ್ತಿದ್ದರು. ಅತ್ತೆ ದೇವರಕೋಣೆಯಿಂದ ಎದ್ದು ಬಂದು ನೋಡುವಷ್ಟರಲ್ಲಿ ಬೀದಿಯ ತುದಿಯಲ್ಲಿರುತ್ತಿದ್ದರು. “ಏನೂ ಹೇಳ್ದೆ ಹೋದ್ನಲ್ಲೇ, ಇಂದು” ಎನ್ನುತ್ತಿದ್ದರು ಅತ್ತೆ, ದಿನವೂ ಅದೇ ಮಾತು. ಅಂಕ ಮಾತ್ರ ಏರುತ್ತಿತ್ತು. ಇಪ್ಪತ್ತೆಂಟು. ಮೂವತ್ತೇಳು. ನಲವತ್ತೆಂಟು.

ಕೊನೆಯ ದಿನ ಗುರುವಾರ. ಬಾಕಿ ಇದ್ದದ್ದು ಒಂದೇ ಗೇಟು, ಬಸಲಿಂಗಪ್ಪನದು. ಅದು ಹಸಿರಾದರೆ ಐವತ್ತು ದಾಟುತ್ತದೆ. ಬೆಳಿಗ್ಗೆ ನಾನು ಇವರ ಕಾಲರು ಸರಿಮಾಡುತ್ತಾ, ಏನೇ ಆಗಲಿ ಬಾಯಿ ಬಿಡಬೇಡಿ ಎಂದೆ. ತಲೆಯಾಡಿಸಿ ಹೋದರು.

ಮೂರೂ ಇಪ್ಪತ್ತಕ್ಕೆ ಜಯಶೀಲಾ ಮೇಡಂ ವೇದಿಕೆಯಿಂದ ನನ್ನ ಕಡೆ ನೋಡಿ ಐದು ಬೆರಳು ತೋರಿಸಿ, ಮೇಲೆ ಒಂದು ಬೆರಳು ಎತ್ತಿದರು. ಐವತ್ತೊಂದು. ನನ್ನ ಕಣ್ಣಿಗೆ ಪರದೆ ಮಂಜಾಯಿತು. ಸೆರಗಿನಿಂದ ಒರೆಸಿಕೊಂಡು ಮುಂದಿನ ತುಣುಕು ಒತ್ತಿದೆ, ಅದರ ಮುಂದಿನದು ಒತ್ತಿದೆ.

ಅನುಮಾನದ ತುಣುಕುಗಳಿಗೆ ಹಳದಿ ಗೆರೆ ಇರುತ್ತದೆ. ಎರಡು ದನಿ ಒಂದರ ಮೇಲೊಂದು ಬಿದ್ದರೆ ಯಂತ್ರ ತಾನೇ ತೀರ್ಮಾನಿಸದೆ ನಮ್ಮ ಹಾಲಿಗೆ ಕಳಿಸುತ್ತದೆ. ಕನ್ನಡದ ತುಣುಕುಗಳಿಗೆ ನಮ್ಮ ಹಾಲು ಬಿಟ್ಟರೆ ಬೇರೆ ಗತಿಯಿಲ್ಲ. ನಾಲ್ಕು ಗಂಟೆಗೆ ಹಳದಿ ಗೆರೆಯ ಒಂದು ತುಣುಕು ನನ್ನ ಪಾಲಿಗೇ ಬಂತು. ಲಾರಿಯ ಹಾರ್ನು. ಯಾರೋ ದೂರದಿಂದ, “ಸಿಟ್ಟಾದ್ರೇನ್ರಿ ಸರ? ಹೋಗಿ ಬರ್ರಿ” ಎಂದು ಕೂಗಿದರು. ಅದು ಮುಗಿಯುವ ಮೊದಲೇ ಹತ್ತಿರದಿಂದ ನಮ್ಮ ಮನೆಯವರ ದನಿ, “ಸಿಟ್ಟಿಲ್ಲಪ್ಪ, ಬರ್ತೀನಿ.”

‘ಒಪ್ಪಿಗೆ ಇಲ್ಲ’ ಒತ್ತಿದೆ. ಒತ್ತಿ, ಎದ್ದು ನಿಂತು, ನಾಲ್ಕು ವರ್ಷದಲ್ಲಿ ಎಂದೂ ಎತ್ತರಿಸದ ದನಿಯಲ್ಲಿ, ಹಳದಿ ಗೆರೆಯ ಬರ್ತೀನಿ ಯಾರಿಗೆ ಬಂದಿದೆ, ತಡೆಯಿರಿ, ಒತ್ತಬೇಡಿ ಎಂದು ಕೂಗಿದೆ. ಎಲ್ಲರ ಕಿವಿಯ ಮೇಲೂ ಹೆಡ್‌ಫೋನ್. ನೂರಿಪ್ಪತ್ತು ಜನ ತಲೆ ಬಗ್ಗಿಸಿ ಯಾರ್‍ಯಾರದೋ ಮಾತು ಕೇಳುತ್ತಿದ್ದರು. ಸಾಲಿನ ನಡುವೆ ಓಡಿ ಒಬ್ಬೊಬ್ಬರ ಪರದೆ ನೋಡುತ್ತಾ ಹೋದೆ. ನಾಲ್ಕನೆಯ ಸಾಲಿನಲ್ಲಿ ಫರ್ಹಾನಾ ಇದ್ದಳು, ಹೋದ ತಿಂಗಳಷ್ಟೇ ಸೇರಿದವಳು, ನಾನೇ ಪಕ್ಕದಲ್ಲಿ ಕೂತು ಕಲಿಸಿದವಳು. ಅವಳ ಪರದೆಯಲ್ಲಿ ಹಳದಿ ಗೆರೆ ಆಗತಾನೇ ಆರುತ್ತಿತ್ತು.

ನನ್ನ ಮುಖ ನೋಡಿ ಅವಳು ಹೆಡ್‌ಫೋನ್ ಇಳಿಸಿದಳು. “ಒಪ್ಪಿಗೆ ಒತ್ತಿದೆ ಅಕ್ಕ. ಬರ್ತೀನಿ ಅಂದ್ರೆ ಒಪ್ಪಿಗೆ, ಯೋಚನೆ ಮಾಡ್ಬೇಡ ಅಂತ ನೀವೇ ಹೇಳಿದ್ರಲ್ವಾ?”

ಹೌದಮ್ಮ, ಸರಿಯಾಗಿಯೇ ಒತ್ತಿದ್ದೀಯ ಎಂದೆ. ಬೇರೆ ಏನು ಹೇಳಲಿ? ಮೂರನೆಯವರು ಯಾರೋ ನನಗೆ ಗೊತ್ತಾಗಲೇ ಇಲ್ಲ. ನನ್ನ ಜಾಗಕ್ಕೆ ಬರುವಷ್ಟರಲ್ಲಿ ನನ್ನ ಹೆಸರಿನ ಮುಂದೆ ಒಂದು ತಪ್ಪು ಬಿದ್ದಿತ್ತು. ಇವರ ಹೆಸರಿನ ಮುಂದೆ ಒಂದು ಮಾತು ಬಾಕಿ. ಐದು ಗಂಟೆಗೆ ಮೇಡಂ ಪರದೆ ನೋಡಿ, ನನ್ನ ಕಡೆ ನೋಡದೆ, ಕನ್ನಡಕ ತೆಗೆದು ಒರೆಸತೊಡಗಿದರು.

ಇವರು ಸಂಜೆ ಬಂದು ಚಪ್ಪಲಿ ಬಿಟ್ಟು ಅಲ್ಲೇ ಬಾಗಿಲಲ್ಲಿ ಕೂತರು. ನನಗೆ ಆಗಲೇ ಗೊತ್ತಾಗಿದೆ ಎಂದು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಆ ದಿನ ಬಸಲಿಂಗಪ್ಪ ಇವರಿಗಾಗಿ ಒಂದು ರೊಟ್ಟಿ ಎತ್ತಿಟ್ಟು ಕಾದಿದ್ದನಂತೆ. ಇವರು ಅದನ್ನೂ ತೆಗೆದುಕೊಳ್ಳದೆ, ಮುಖವನ್ನೂ ನೋಡದೆ, ಕ್ಯಾಮೆರಾ ಟಿಣ್ ಎಂದ ಕೂಡಲೇ ತಿರುಗಿದರಂತೆ. ಹತ್ತು ಹೆಜ್ಜೆ ಹೋಗಿದ್ದರು. ಇನ್ನು ನಾಲ್ಕು ಹೆಜ್ಜೆ ಹೋಗಿದ್ದರೆ ಗೇಟಿನ ಕಿವಿಗೆ ಕೇಳುತ್ತಿರಲಿಲ್ಲ.

“ಸಿಟ್ಟಾದ್ರಾ ಅಂತ ಕೇಳ್ದ, ಇಂದು. ರೊಟ್ಟಿ ಕೈಯಲ್ಲೇ ಇತ್ತು. ಬಾಯಿ ಕಟ್ಕೊಳೋಕೆ ಆಗ್ಲಿಲ್ಲ ಕಣೆ.”

ನಾನು ಇವರ ಪಕ್ಕದಲ್ಲಿ ಕೂತೆ. ಹೊಸ್ತಿಲ ಮೇಲೆ ಕೂರಬಾರದು ಎಂದು ಅತ್ತೆ ಒಳಗಿನಿಂದ ಹೇಳಿದರು. ಇಬ್ಬರೂ ಏಳಲಿಲ್ಲ.

ಮೂರು ದಿನ ಬಿಟ್ಟು, ಭಾನುವಾರ ಬೆಳಿಗ್ಗೆ ಹೊಸ್ತಿಲಿನಿಂದ ಇವರಿಗೆ ಫೋನು ಬಂತು. ಆ ವಾರವಷ್ಟೇ ಯಂತ್ರಕ್ಕೆ ಹೊಸ ದನಿ ಹಾಕಿದ್ದರು. ಇನ್ನು ಮೇಲೆ ನಿಮ್ಮೂರಿನವರ ಹಾಗೆ, ನಿಮ್ಮ ಮನೆಯವರ ಹಾಗೆ ಮಾತಾಡುತ್ತದೆ ಎಂದು ನಮ್ಮ ಹಾಲಿನಲ್ಲೂ ಚೀಟಿ ಅಂಟಿಸಿದ್ದರು. ಮಾತಾಡುವ ಭಾಗ ಕಲಿತದ್ದು ಜನ ಆಡಿದ ಲಕ್ಷಾಂತರ ತುಣುಕುಗಳನ್ನು ಕೇಳಿ. ಅರ್ಥ ಮಾಡುವ ಭಾಗ ಕಲಿತದ್ದು ನಾವು ಒತ್ತಿದ ಗುಂಡಿಗಳಿಂದ. ಒಂದಕ್ಕೆ ಇನ್ನೊಂದರ ಪರಿಚಯವಿಲ್ಲ ಎಂದು ಮೇಡಂ ಹೇಳಿದ್ದರು. ಇವರು ಫೋನನ್ನು ಸ್ಪೀಕರಿಗೆ ಹಾಕಿದರು. ಹಳೆಯ ವಾರ್ತೆಯ ದನಿಯಲ್ಲ, ನಮ್ಮ ಬೀದಿಯ ಯಾವುದೋ ಹೆಣ್ಣುಮಗಳ ಹಾಗಿತ್ತು.

“ನಮಸ್ಕಾರ ಸಾರ್. ಹದಿನೆಂಟು ತಿಂಗಳು ಆಯ್ತಲ್ಲ, ನಿಮ್ಮ ನೋಂದಣಿ ಮುಗಿದುಹೋಗಿದೆ. ಇನ್ಮೇಲೆ ನಮ್ಮ ಕಡೆಯಿಂದ ಸಂದರ್ಶನ ಇರಲ್ಲ. ಬೇಜಾರು ಮಾಡ್ಕೋಬೇಡಿ, ನಿಮಗೆ ಒಳ್ಳೇದಾಗ್ಲಿ. ಸರಿ ಸಾರ್, ಬರ್ತೀನಿ.”

ಫೋನು ನಿಂತಿತು. ಇವರು ಎದ್ದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಸುತ್ತ ಒಂದು ಸುತ್ತು ಹಾಕಿದರು. “ಬರ್ತೀನಿ ಅಂದಿದ್ದಾಳೆ. ಏಳು ದಿನ ಟೈಮಿದೆ” ಎಂದರು. ನನಗೆ ನಗು ಬಂತು. ಅವರೂ ನಕ್ಕರು. ನಗುತ್ತಲೇ ಒಳಗೆ ಹೋದವರು ಊಟಕ್ಕೆ ಕರೆಯುವ ತನಕ ಹೊರಗೆ ಬರಲಿಲ್ಲ.

ಸೋಮವಾರ ಒಂದು ಗೀಟು ಎಳೆದರು, ಮಂಗಳವಾರ ಒಂದು. ತಮಾಷೆಯೆಂದೇ ನಾನು ಅಂದುಕೊಂಡೆ. ಆದರೆ ಆ ವಾರವೆಲ್ಲ ಇವರು ದಿನವೂ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೀದಿಗೆ ಕಾಣುವ ಕುರ್ಚಿಯಲ್ಲೇ ಕೂರುತ್ತಿದ್ದರು.

ಎಂಟನೆಯ ದಿನ ಬೆಳಿಗ್ಗೆ ನಾನು ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಹೊರಟೆ. ಇವರು ಕ್ಯಾಲೆಂಡರಿನ ಮುಂದೆ ನಿಂತಿದ್ದರು. ಬಾಗಿಲಲ್ಲಿ ನಿಂತು, ಆ ಪದವನ್ನು ಬಾಯಿಂದ ಹೊರಡಿಸಲು ಒಂದು ಕ್ಷಣ ತಡವರಿಸಿ, “ಬರ್ತೀನಿ ರೀ” ಎಂದೆ.

ಇವರು ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದರು.

“ಏಳು ದಿನ ಆಯ್ತು, ಅವಳು ಬರ್ಲಿಲ್ಲ” ಎಂದರು. “ನೀನಾದ್ರೂ ಬಾ.”